ಗಂಜಿ ಹಾಕಿ ಚಪ್ಪಟೆ ಮಾಡಿದ್ದು

ಆ ವಯಸ್ಸಿನ ನಾನು ಈಗ ಎದುರಿಗೆ ಸಿಕ್ಕರೆ ಕೆನ್ನೆಗೆ ಬಾರಿಸುತ್ತೇನೆ. ಬೇರೆಯವರ ಮೇಲೆ ಬರುವ ಸಿಟ್ಟು ಇಳಿಯುತ್ತದೆ. ಇದು ಇಳಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಅಗ್ರಹಾರದ ಒಂದು ಹಳೇ ಮನೆಯ ಹಿಂಭಾಗದಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು. ಹೈಸ್ಕೂಲು ಮುಗಿಸಿದ್ದ ನಾನು ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅವಳು ಕೊಕ್ಕೆಸೂಜಿ ಹಿಡಿದು ದಾರದಲ್ಲಿ ಕ್ರೋಶಾ ಹೆಣೆಯುತ್ತಿದ್ದಳು. ಯಾದವಗಿರಿಯ ಬಂಗಲೆಯೊಂದರಲ್ಲಿ ಹಿರಿಯ ಹೆಂಗಸೊಬ್ಬರು ಹುಡುಗಿಯರಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಕ್ರೋಶಾ ಕಲಿಸಲು ಅವರಿಗೊಬ್ಬರು ಬೇಕಾಗಿತ್ತು. ಅಂಗೈಯಗಲದ ದುಂಡು ಮಾದರಿಯೊಂದನ್ನು ನನ್ನವಳ ಕೈಗಿಟ್ಟು, "ಇದನ್ನೇ ನಮ್ಮ ದುಂಡು ಮೇಜು ಮುಚ್ಚೋ ಹಾಗೆ ಬೆಳೆಸ್ಕೊಂಡು ಬಾಮ್ಮ. ಚಪ್ಪಟೆಯಾಗಿ ಕೂತ್ರೆ ಕೆಲಸ ನಿಂದೇ" ಎಂದರು.

ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತಿತ್ತು. ಒಲೆ ಮುಂದೆ ಕೂತು, ಹುಡುಗಿಯರಿಗೆ ಹೇಳಿಕೊಡುವಂತೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: ಸುತ್ತು ಸುತ್ತಿಗೂ ಹೆಣಿಗೆ ಹೆಚ್ಚಿಸಬೇಕು, ಪ್ರತಿ ಸಲವೂ ಅಷ್ಟಷ್ಟೇ. ಕಡಿಮೆಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಜಾಸ್ತಿಯಾದರೆ ನೆರಿಗೆ. ಹೆಚ್ಚಿಸಿದ ಜಾಗದ ಮೇಲೇ ಮತ್ತೆ ಹೆಚ್ಚಿಸಿದರೆ ದುಂಡು ಹೋಗಿ ಮೂಲೆ ಬರುತ್ತದೆ. ಒಂದು ಸುತ್ತು ಮುಗಿದಾಗಲೆಲ್ಲ ನೆಲದ ಮೇಲೆ ಹಾಸಿ ಅಂಗೈಯಿಂದ ಸವರುವಳು. ಎಲ್ಲಾದರೂ ಎದ್ದರೆ ಬಿಚ್ಚುವಳು. ಹೀಗೆ ಬಿಚ್ಚುವುದನ್ನು ನೋಡಿದರೆ ನನಗೆ ರೇಗುತ್ತಿತ್ತು.

ಭಾನುವಾರ ತೋರಿಸಲು ಬರುತ್ತೇವೆಂದು ಬಂಗಲೆಯವರಿಗೆ ಹೇಳಿಯಾಗಿತ್ತು. ಶನಿವಾರ ಸಂಜೆ ನಾನು ಮನೆಗೆ ಬಂದಾಗ ಅವಳು ನೆಲದ ಮೇಲೆ ಸಪ್ಪಗೆ ಕೂತಿದ್ದಳು.

"ಕೊನೇ ಸುತ್ತುಗಳಲ್ಲಿ ಜಾಸ್ತಿ ಹಾಕ್ಬುಟ್ಟಿದೀನಿ ಕಣ್ರೀ. ಅಂಚೆಲ್ಲಾ ಎದ್ದೈತೆ. ಬಿಚ್ಬೇಕು. ಬರೋ ವಾರ ಹೋಗೋಣ."

"ಬಿಚ್ಚೋದು, ಬಿಚ್ಚೋದು! ನಂಗಿರೋದು ಒಂದು ಭಾನುವಾರ. ಅದನ್ನೂ ನಿನ್ ದಾರಕ್ಕೇ ಸುತ್ತಬೇಕಾ?"

ಅವಳು ಬೇಡ ಬೇಡ ಎನ್ನುತ್ತಿದ್ದರೂ ನಾನೇ ಅನ್ನದ ಗಂಜಿಯನ್ನು ದಪ್ಪಗೆ ಕಾಯಿಸಿದೆ. ಅವಳು ಹೆಣೆದದ್ದನ್ನು ಅದರಲ್ಲಿ ಅದ್ದಿ, ಹಾಸಿಗೆಯ ಮೇಲೆ ಹರಡಿ, ನೆರಿಗೆ ಎದ್ದಲ್ಲೆಲ್ಲ ಎಳೆದೆಳೆದು ಗುಂಡುಸೂಜಿ ಚುಚ್ಚಿದೆ. ಬೆಳಿಗ್ಗೆಗೆ ಅದು ಹಪ್ಪಳದ ಹಾಗೆ ಒಣಗಿ ನಿಂತಿತ್ತು. "ನೋಡ್ದಾ? ಇಷ್ಟೇಯ" ಎಂದೆ. ಅವಳು ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು.

ಮೇಜಿನ ಮೇಲೆ ಹಾಸಿದಾಗ ಆ ಹಿರಿಯರು ತಲೆದೂಗಿದರು. ಆಮೇಲೆ ಆಳನ್ನು ಕರೆದು ಬೋಗುಣಿಯಲ್ಲಿ ನೀರು ತರಿಸಿದರು. ಯಾವ ಕೈಕೆಲಸವೇ ಬರಲಿ, ಒಮ್ಮೆ ಒಗೆದು ನೋಡದೆ ಅವರು ಒಪ್ಪುತ್ತಿರಲಿಲ್ಲವಂತೆ. ನೀರಿಗೆ ಬಿದ್ದ ಗಂಜಿ ಹಾಲಿನ ಹಾಗೆ ಬಿಟ್ಟುಕೊಂಡಿತು. ಹಿಂಡಿ ಹರಡಿದರೆ ಅಂಚು ಪೂರ್ತಿ ಅಲೆ ಅಲೆಯಾಗಿ ಎದ್ದಿತು. ಕ್ಲಾಸಿಗೆ ಬಂದಿದ್ದ ಹುಡುಗಿಯರು ಕಿಸಕ್ಕೆಂದರು.

"ಏನಮ್ಮ ಇದು, ಮೇಜಿಗೆ ಹಾಸೋದೋ, ಮಗೂಗೆ ಲಂಗ ಹೊಲ್ಸೋದೋ? ಗಂಜಿ ಹಾಕಿ ನನ್ನ ಕಣ್ಣಿಗೆ ಮಣ್ಣೆರಚೋಕೆ ಬಂದ್ಯಾ?"

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ: "ಬಿಚ್ಚಿ ಸರಿ ಮಾಡು ಅಂತ ಬಡ್ಕೊಂಡೆ ತಾಯಿ. ನನ್ ಮಾತೆಲ್ಲಿ ಕೇಳ್ತಾಳೆ?"

ಅಷ್ಟು ಸಲೀಸಾಗಿ ಬಂತು ಬಾಯಿಗೆ. ನಾಲಿಗೆ ತಡವರಿಸಲೂ ಇಲ್ಲ.

ದಾರಿಯುದ್ದಕ್ಕೂ ಅವಳು ಸುಮ್ಮನಿದ್ದುದು ನನ್ನನ್ನು ಇನ್ನಷ್ಟು ಕೆರಳಿಸಿತು. "ಅಲ್ಲೇ ನಿಜ ಹೇಳ್ಬೋದಿತ್ತಲ್ಲ!" ಎಂದು ಬೀದಿಯಲ್ಲೇ ಕೂಗಿದೆ.

"ಹೇಳಿದ್ರೆ ನೀವು ಸುಳ್ಳುಗಾರ್ರಾಗ್ತಿದ್ರಿ. ಈಗ ನಾನು ಮೋಸಗಾತಿ ಆದೆ. ಬಿಡಿ."

ಕೆಲವು ದಿನಗಳಲ್ಲಿ ಅವಳು ಆ ಸುತ್ತುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹೆಣೆದಳು. ನೀರಿನಲ್ಲಿ ನೆನೆಸಿ ನೆಲಕ್ಕೆ ಹಾಸಿ ನನ್ನನ್ನು ಕರೆದಳು. ಒಂದೆಳೆಯೂ ಎದ್ದಿರಲಿಲ್ಲ. "ಇನ್ನೊಂದ್ಸಲ ಬರ್ತೀರಾ? ಗಂಜಿ ಹಾಕಿದ್ದು ನೀವು ಅಂತ ನೀವೇ ಹೇಳ್ಬೇಕು. ನಾನು ಹೇಳಿದ್ರೆ ನಂಬಲ್ಲ ಅವ್ರು."

"ಮಾನ ಕಳ್ಕೊಳ್ಳೋಕೆ ನಾನ್ ಬರಲ್ಲ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಕಾರ್ಖಾನೆಗೆ ನಾನು ಹೋಗುತ್ತಿದ್ದುದು ಆ ಬಂಗಲೆಯ ಮುಂದೆಯೇ. ಮಾರನೇ ವರ್ಷ ಒಂದು ಸಂಜೆ, ಗೇಟಿನಲ್ಲಿ ನಿಂತಿದ್ದ ಆ ಹಿರಿಯರು ನನ್ನ ಸೈಕಲ್ ನಿಲ್ಲಿಸಿದರು.

"ನಿಮ್ಮನೆಯವ್ರು ಈಗ್ಲೂ ಹೆಣೀತಾರೇನಪ್ಪ? ಕಲಿಸ್ತಿದ್ದೋರು ಬಿಟ್ಟೋದ್ರು. ಆವತ್ತು ನಾನೂ ಸ್ವಲ್ಪ ಜೋರಾಗಿ ಮಾತಾಡ್ಬುಟ್ಟೆ. ಕಳಿಸಿ ನೋಡೋಣ."

ಅವಳು ಬಂದರೆ ಗಂಜಿಯ ಮಾತು ಬಂದೇ ಬರುತ್ತದೆ ಎಂದು ನನಗೆ ತಕ್ಷಣ ಹೊಳೆಯಿತು. "ಇಲ್ಲ ತಾಯಿ, ಅದನ್ನೆಲ್ಲ ಬಿಟ್ಬುಟ್ಟಿದಾಳೆ" ಎಂದು ಪೆಡಲು ತುಳಿದೆ.

ಮನೆಗೆ ಬಂದರೆ ಅವಳು ಜಗಲಿಯ ಮೇಲೆ ಕೂತು ಹೆಣೆಯುತ್ತಿದ್ದಳು. ಎದ್ದು ಕಾಫಿ ಕೊಟ್ಟಳು. ಕುಡಿದೆ.

ಅವಳು ಈಗಿಲ್ಲ. ಹಾಗೊಂದು ಕರೆ ಬಂದಿತ್ತೆಂದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳಿಗೆ ಇದನ್ನು ಹೇಳಿದಾಗ, "ಹೋಗ್ಲಿ ಬಿಡಪ್ಪ, ಆಗಿನ ಕಾಲಾನೇ ಹಾಗಿತ್ತು" ಎಂದರು. ಮೈಯೆಲ್ಲ ಉರಿದುಹೋಯಿತು. ಕಾಲದ ಮಾತೇಕೆ ಬರಬೇಕು ಇಲ್ಲಿ? ಆ ಗೇಟಿನ ಮುಂದೆ ಸೈಕಲ್ ಹಿಡಿದು ನಿಂತಿದ್ದವನು ನಾನು.