ಬರ್ಗನ್ನಿನಲ್ಲಿ ಮಂಗಳಾ ಹತ್ತಿದ ಬೆಟ್ಟ

ಜೂನ್ ತಿಂಗಳ ಒಂದು ಸೋಮವಾರ, ಊಟ ಮುಗಿಸಿ ರಾತ್ರಿ ಒಂಬತ್ತು ಗಂಟೆಗೆ ಸರಿಯಾಗಿ ತ್ಯಾಗರಾಜನಗರದ ಮನೆಗೆ ಬೀಗ ಹಾಕಿದೆವು. ಎರಡು ಸೂಟ್‌ಕೇಸು, ಒಂದು ಕೈಚೀಲ, ಮಂಗಳಾಳ ಊರುಗೋಲು. ವಿಮಾನ ಹೊರಡುವುದು ನಸುಕಿನಲ್ಲಿ. ಇಷ್ಟು ಬೇಗ ಯಾಕೆ ಎಂದು ಅವಳು ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಸೈರನ್ನಿಗೆ ಹದಿನೈದು ನಿಮಿಷ ಮೊದಲೇ ಗೇಟಿನಲ್ಲಿ ನಿಂತವನನ್ನು ಕಟ್ಟಿಕೊಂಡವಳು ಆ ಪ್ರಶ್ನೆ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ಟ್ಯಾಕ್ಸಿಯವರು ಗದಗಿನ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ವಿಮಾನ ನಿಲ್ದಾಣಕ್ಕೆ ನಲವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಮಾತಿಗೆ ಬೇಕಾದಷ್ಟು ಸಮಯವಿತ್ತು.

"ಎಲ್ಲಿಗೆ ಹೊಂಟೀರಿ ಸರ?"

"ನಾರ್ವೆ ಅಂತ ದೇಶಪ್ಪ. ಬೆಟ್ಟ ಹತ್ತೋಕೆ."

ಅವರು ಕನ್ನಡಿಯಲ್ಲಿ ಊರುಗೋಲನ್ನೊಮ್ಮೆ ನೋಡಿದರು. "ಗುಡ್ಡ ಏರಾಕ ಅಷ್ಟು ದೂರ ಯಾಕ್ರಿ ಅಮ್ಮಾರ? ನಮ್ಮ ಕಪ್ಪತಗುಡ್ಡ ಐತಲ್ರಿ."

"ಅದರ ಬುಡಕ್ಕೆ ಸಮುದ್ರ ತಂದಿಡಪ್ಪ, ನಾಳೆಯೇ ಬರ್ತೀನಿ" ಎಂದಳು ಮಂಗಳಾ.

ಅವಳು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಹಿಮನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆಗುವ ಫ್ಯೋರ್ಡುಗಳನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದಳು. ಮುಂದೆ ಎರಡೂ ಮಂಡಿ ಸವೆದವು. ಅಂಗಳಕ್ಕೆ ಇಳಿಯುವುದೂ ಕಷ್ಟವಾದಾಗಲೂ ಆಪರೇಷನ್ನಿಗೆ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಆ ಫ್ಯೋರ್ಡ್ ಇರೋ ಊರಿಗೆ ಕರ್ಕೊಂಡು ಹೋಗಿ. ಅಲ್ಲಿ ಒಂದು ಬೆಟ್ಟನ ನನ್ನ ಕಾಲಲ್ಲೇ ಹತ್ಬೇಕು. ಗಾಡೀಲಿ ಕೂತು ಹತ್ತೋದಾದ್ರೆ ಈ ಹಳೇ ಮಂಡಿನೇ ಸಾಕು."

ನಾನು ಮಾತು ಕೊಟ್ಟೆ. ಎರಡೂ ಮಂಡಿ ಬದಲಾದವು. ಅನಂತರ ಹನ್ನೊಂದು ತಿಂಗಳು, ಬೆಳಿಗ್ಗೆ ಐದೂ ಮುಕ್ಕಾಲಿಗೆ ಪಾರ್ಕು, ಭಾನುವಾರ ರಾಗಿಗುಡ್ಡದ ಮೆಟ್ಟಿಲು. ಮಳೆ ಬಂದ ದಿನ ಮನೆಯೊಳಗೇ ಹಜಾರದಿಂದ ಅಡುಗೆಮನೆಗೆ ಎಂಬತ್ತು ಸಲ. ಡಾಕ್ಟರು ಎರಡು ಎಚ್ಚರಿಕೆ ಹೇಳಿ ಕಳಿಸಿದ್ದರು: ಮಳೆ ಸುರಿಯುವಾಗ ಇಳಿಜಾರಿನಲ್ಲಿ ನಡೆಯಕೂಡದು, ಹತ್ತಿದ ಬೆಟ್ಟವನ್ನು ನಡೆದು ಇಳಿಯಕೂಡದು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಂಡಿಯೊಳಗಿನ ಲೋಹಕ್ಕೆ ಯಂತ್ರ ನಿರೀಕ್ಷೆಯಂತೆಯೇ ಕೂಗಿತು. ಡಾಕ್ಟರ ಪತ್ರದ ಮೂರು ಪ್ರತಿ ಸಿದ್ಧವಿದ್ದವು, ಒಂದೇ ಸಾಕಾಯಿತು. ಒಂಬತ್ತು ಗಂಟೆಗೂ ಹೆಚ್ಚು ಹಾರಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಮುಖ ತೊಳೆದು ವಿಭೂತಿ ಧರಿಸಿ, ಜನರಿಲ್ಲದ ಮೂಲೆಯ ಕುರ್ಚಿಯಲ್ಲಿ ಹತ್ತು ನಿಮಿಷ ಪೂಜೆ ಮುಗಿಸಿದೆ. ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಎರಡು ಗಂಟೆ. ಮೋಡ ಹರಿದಾಗ ಕೆಳಗೆ ಕಪ್ಪು ಬಂಡೆಗಳ ಚೂರು, ಚೂರಿನ ನಡುವೆ ನೀರು. ಮಂಗಳಾ ಕಿಟಕಿಗೆ ಹಣೆ ಒತ್ತಿದವಳು ಚಕ್ರ ನೆಲ ಮುಟ್ಟುವ ತನಕ ಈಚೆಗೆ ತಿರುಗಲಿಲ್ಲ.

ಬರ್ಗನ್ನಿನಲ್ಲಿ ಹನ್ನೆರಡು ಡಿಗ್ರಿ ಚಳಿ. ನಿಲ್ದಾಣದ ಬಾಗಿಲಿನಿಂದಲೇ ಊರೊಳಗೆ ಟ್ರಾಮ್ ಹೋಗುತ್ತದೆ. ಮುಕ್ಕಾಲು ಗಂಟೆಯ ಹಾದಿ. ಅರುವತ್ತೇಳು ತುಂಬಿದವರಿಗೆ ಅರ್ಧ ಟಿಕೆಟ್. ಮಂಗಳಾಳಿಗೆ ಮಾರ್ಚಿನಲ್ಲಷ್ಟೇ ತುಂಬಿತ್ತು.

"ಅರ್ಧ ಟಿಕೆಟ್ಟಲ್ಲಿ ಕೊನೇ ಸಲ ಹೋಗಿದ್ದು ನಮ್ಮಪ್ಪನ ಜೊತೆ ತುಮಕೂರಿಗೆ" ಎಂದು ನಗುತ್ತ ಹತ್ತಿದಳು.

ನಾವು ಕೋಣೆ ಹಿಡಿದದ್ದು ಬೆಟ್ಟದ ಬುಡದ ಕಲ್ಲುಹಾಸಿನ ಓಣಿಯಲ್ಲಿ, ಬಿಳಿ ಬಣ್ಣದ ಮರದ ಮನೆಯಲ್ಲಿ. ಮನೆಯೊಡತಿ ಮಾರಿತ್, ನಮ್ಮದೇ ವಯಸ್ಸಿನವರು, ಸ್ವಚ್ಛವಾದ ಇಂಗ್ಲಿಷ್ ಮಾತಾಡುತ್ತಾರೆ. ಕೀಲಿಕೈ ಕೊಡುವಾಗಲೇ ಹವೆಯ ಸುದ್ದಿ ಹೇಳಿದರು: ಈಗ ಸ್ವಲ್ಪ ಹೊತ್ತು ಜೋರು ಮಳೆ, ಮೂರೂವರೆಯಿಂದ ಏಳರ ತನಕ ಹೊಳವು, ಆಮೇಲೆ ಮೂರು ದಿನವೂ ಬಿಡದ ಮಳೆ. ನಾವಿರುವುದೇ ಮೂರು ದಿನ. ಅಂದರೆ ಬೆಟ್ಟ ಇವತ್ತೇ ಆಗಬೇಕು, ಇಲ್ಲವಾದರೆ ಇಲ್ಲ.

"ನಿದ್ದೆ?" ಎಂದೆ.

"ತ್ಯಾಗರಾಜನಗರದಲ್ಲಿ ಮಾಡ್ತೀನಿ" ಎಂದಳು.

ಚಪಾತಿ, ಚಟ್ನಿಪುಡಿ, ಇಲ್ಲಿ ಕೊಂಡ ಗಟ್ಟಿ ಮೊಸರು. ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ಕೇಳಿಸಿತು. ಹೇಳಿದ ಹೊತ್ತಿಗೆ ಬಂತಲ್ಲ ಎಂದು ಮೆಚ್ಚಿಕೊಂಡು ಇನ್ನೊಂದು ಚಪಾತಿ ಮುರಿದೆ. ಮೂರೂವರೆಗೆ ಬಾಗಿಲು ತೆರೆದಾಗ ಗೊತ್ತಾಯಿತು ನಾನು ಮಾಡಿದ್ದ ಘನಕಾರ್ಯ. ಮನೆಯೊಳಗೆ ಕಾಲಿಡುವ ಮುನ್ನ, ಎಪ್ಪತ್ತು ವರ್ಷದ ಅಭ್ಯಾಸದಂತೆ, ನಮ್ಮಿಬ್ಬರ ಶೂಗಳನ್ನೂ ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೆ. ನಾಲ್ಕರಲ್ಲೂ ನೀರು ತುಂಬಿತ್ತು.

ಮಂಗಳಾಳದು ಮಂಡಿಗೆಂದೇ ಅಳತೆ ಕೊಟ್ಟು ಮಾಡಿಸಿದ ಜೋಡಿ. ಬೇರೆ ಶೂ ಹಾಕಿ ಏರು ಹತ್ತುವಂತಿರಲಿಲ್ಲ.

"ಹೊರಗೆ ಬಿಟ್ಟಿದ್ದು ಯಾರು?"

"ನಾನೇ."

"ಎಷ್ಟು ಚೆನ್ನಾಗಿ ಜೋಡಿಸಿದೀರಿ" ಎಂದಳು. ಬೈದಿದ್ದರೆ ವಾಸಿಯಿತ್ತು.

ನಾನು ಶೂ ಬಗ್ಗಿಸಿ ನೀರು ಚೆಲ್ಲುವುದನ್ನು ಕಂಡು ಮಾರಿತ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾವೂ ಮನೆಯೊಳಗೆ ಶೂ ಹಾಕುವುದಿಲ್ಲ ಸ್ವಾಮಿ! ಆದರೆ ಬಿಡುವುದು ಬಾಗಿಲಿನ ಒಳಗೆ. ಇದು ಬರ್ಗನ್!" ಹೌದು, ಬಾಗಿಲ ಹಿಂದೆಯೇ ಚಾಪೆ, ಅದರ ಮೇಲೆ ಅವರ ಮನೆಯ ಶೂಗಳ ಸಾಲು. ಅದನ್ನು ದಾಟಿಕೊಂಡೇ ನಾನು ಎರಡು ಸಲ ಓಡಾಡಿದ್ದೆ.

ಅವರು ನಗುತ್ತಲೇ ಕೆಲಸಕ್ಕೆ ಇಳಿದರು. ಹಳೆಯ ಪೇಪರು ತುರುಕಿ ನೀರು ಹೀರಿಸಿದರು. ಮಂಗಳಾಳಿಗೆ ತಮ್ಮ ಉಣ್ಣೆಯ ಕಾಲುಚೀಲ ಕೊಟ್ಟು, ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರು ಎಳೆದು, ಆಮೇಲೆ ಶೂ ಹಾಕಿಸಿದರು. ಇಲ್ಲಿನ ಮಕ್ಕಳು ಹೀಗೆಯೇ ಶಾಲೆಗೆ ಹೋಗುತ್ತಿದ್ದರಂತೆ. ದಾರಿ ಜಲ್ಲಿಯದು, ನೀರು ನಿಲ್ಲುವುದಿಲ್ಲ ಎಂದೂ ಭರವಸೆ ಕೊಟ್ಟರು. ಮಂಗಳಾ ನಾಲ್ಕು ಹೆಜ್ಜೆ ನಡೆದು ನೋಡಿದಳು. ಒಳಗೆ ಕವರು ಪರಪರ ಎನ್ನುತ್ತಿತ್ತು. "ಬೆಚ್ಚಗಿದೆ. ನಡೀರಿ." ಗಂಟೆ ನಾಲ್ಕಕ್ಕೆ ಹತ್ತು ನಿಮಿಷ.

ಬೆಟ್ಟದ ಹೆಸರು ಫ್ಲೋಯೆನ್. ಎತ್ತರ ಮುನ್ನೂರಿಪ್ಪತ್ತು ಮೀಟರು, ಬಳಸು ದಾರಿ ಸುಮಾರು ಮೂರು ಕಿಲೋಮೀಟರು. ಊರಿನವರು ಮುಕ್ಕಾಲು ಗಂಟೆಯಲ್ಲಿ ಹತ್ತುತ್ತಾರೆ. ಕಾಲಾಗದವರಿಗೆ ಕಡಿದಾದ ಹಳಿಯ ಮೇಲೆ ಹಗ್ಗ ಎಳೆಯುವ ರೈಲಿದೆ. ಬುಡದಲ್ಲಿ ಬಿಳಿ ಮನೆಗಳು, ಬೇಲಿಯಾಚೆ ಹೂವಿನ ಕುಂಡಗಳು. ಆಮೇಲೆ ಎತ್ತರದ ದೇವದಾರು ಮರಗಳ ಕತ್ತಲು. ನಾನು ಗಡಿಯಾರ ಹಿಡಿದು ಹತ್ತು ನಿಮಿಷ ನಡಿಗೆ, ಎರಡು ನಿಮಿಷ ವಿಶ್ರಾಂತಿ ಎಂದು ಹೇಳುತ್ತ ನಡೆದೆ. ಮೂರನೆಯ ತಿರುವಿನಲ್ಲಿ ಅವಳು ಕೋಲು ಊರಿ ನಿಂತಳು.

"ರೀ, ಇದು ನಿಮ್ಮ ಫ್ಯಾಕ್ಟರಿ ಅಲ್ಲ. ಗಡಿಯಾರ ಜೇಬಿಗಿಡಿ. ನಿಲ್ಲು ಅಂತ ನನ್ನ ಕಾಲು ಹೇಳತ್ತೆ."

ಜೇಬಿಗಿಟ್ಟೆ. ಅರ್ಧ ದಾರಿಯಲ್ಲಿ ಕಾಲು ಹೇಳಿಯೇಬಿಟ್ಟಿತು. ಬಲ ಮಂಡಿ ಬಿಗಿದುಕೊಂಡಿತು. ಬೆಂಚಿನ ಮೇಲೆ ಕೂತು ತುಟಿ ಕಚ್ಚಿ ನೀವಿಕೊಂಡಳು. ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಎದುರಿಗೇ ರೈಲಿನ ನಡುದಾರಿಯ ನಿಲ್ದಾಣ. ಕೆಂಪು ಬೋಗಿ ಬಂದು ನಿಂತು ಬಾಗಿಲು ತೆರೆಯಿತು. ಹನ್ನೊಂದು ತಿಂಗಳು ಒಂದು ದಿನವೂ ರಜೆ ಕೊಡದವನು ನಾನೇ, ಅಲ್ಲಿ ಧೈರ್ಯ ಬಿಟ್ಟವನೂ ನಾನೇ.

"ಸಾಕು ಮಂಗಳಾ, ಅರ್ಧ ಹತ್ತಿದೀವಿ. ಇದರಲ್ಲಿ ಹೋಗೋಣ. ಊರಲ್ಲಿ ಯಾರೂ ಕೇಳಲ್ಲ."

"ನಾನು ಕೇಳ್ತೀನಿ" ಎಂದಳು. "ನಿಮಗೆ ಸುಸ್ತಾಗಿದ್ರೆ ಹೋಗಿ. ಮೇಲೆ ಎರಡು ಕಾಫಿ ಹೇಳಿರಿ."

ಬಾಗಿಲು ಮುಚ್ಚಿಕೊಂಡಿತು. ಬೋಗಿ ನಮ್ಮನ್ನು ಬಿಟ್ಟು ಮೇಲೇರಿತು. ಹದಿನೈದು ನಿಮಿಷ ಕೂತೆವು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಅವಳು ಕಾಲು ಚಾಚಿ ಮಡಿಸಿ, ಚಾಚಿ ಮಡಿಸಿ, ಎದ್ದಳು. ಮೊದಲ ಇಪ್ಪತ್ತು ಹೆಜ್ಜೆ ನನಗೆ ನೋಡಲಾಗಲಿಲ್ಲ. ಆಮೇಲೆ ಕವರಿನ ಪರಪರ ಒಂದೇ ಲಯಕ್ಕೆ ಬಂತು. ಇನ್ನೂ ಮೇಲೆ ದಾರಿಗಡ್ಡ ಮಲಗಿದ್ದ ಉದ್ದ ಕೂದಲಿನ ಮೇಕೆಯೊಂದು ಎದ್ದು ಬಂಡೆಯಿಂದ ಬಂಡೆಗೆ ಹಾರಿತು.

"ಇವಳಿಗೆ ಮಂಡಿ ಹಾಕಿದ ಡಾಕ್ಟ್ರು ಯಾರು ಕೇಳಿ" ಎಂದಳು ಮಂಗಳಾ. ಅವಳು ತಮಾಷೆ ಮಾಡಿದ್ದು ಕೇಳಿ ನನ್ನ ಉಸಿರೂ ಹಗುರಾಯಿತು.

ಐದೂ ಐವತ್ತಕ್ಕೆ ಮರಗಳು ಮುಗಿದು ನೆಲ ಬಯಲಾಯಿತು. ಹತ್ತಲು ಹಿಡಿದದ್ದು ಎರಡು ಗಂಟೆ. ಕಟಕಟೆಯ ಅಂಚಿಗೆ ಮಂಗಳಾ ಒಬ್ಬಳೇ ನಡೆದುಹೋದಳು. ಕೆಳಗೆ ಕೆಂಪು ಹೆಂಚಿನ ಊರು, ಬಂದರಿನಲ್ಲಿ ಆಟಿಕೆಯಂಥ ಹಡಗು, ಆಚೆಗೆ ದ್ವೀಪದ ಹಿಂದೆ ದ್ವೀಪ, ಅವುಗಳ ನಡುವೆಲ್ಲ ಬೆಳ್ಳಿಯ ನೀರು. ಅವಳು ಊರುಗೋಲೆತ್ತಿ ಬೋರ್ಡಿನ ಮೇಲೆ ತೋರಿಸುವವಳಂತೆ ಉತ್ತರದಿಂದ ದಕ್ಷಿಣಕ್ಕೆ ನಿಧಾನವಾಗಿ ಎಳೆದಳು.

"ತಪ್ಪು ಬರೀತಿದ್ದೆ ಕಣ್ರೀ. ಇಪ್ಪತ್ತೆಂಟು ವರ್ಷ ತುಂಬಾ ನೀಟಾಗಿ ಬರೆದುಬಿಟ್ಟೆ. ನೋಡಿ, ಎಷ್ಟು ಹರಕು ಮುರುಕು! ಎಷ್ಟು ಚೆನ್ನಾಗಿದೆ!" ಜೋರಾಗಿಯೇ ಹೇಳಿದಳು. ಅಕ್ಕಪಕ್ಕದವರು ತಿರುಗಿ ನೋಡಿದರೆ ಅವರಿಗೂ ಕನ್ನಡದಲ್ಲೇ ಹೇಳಿದಳು: "ಹತ್ತಿ ಬಂದೆ, ನಡ್ಕೊಂಡು!" ಒಬ್ಬ ಹೆಂಗಸು ಏನು ತಿಳಿದರೋ, ಚಪ್ಪಾಳೆ ತಟ್ಟಿದರು.

ಡಾಕ್ಟರ ಮಾತಿನಂತೆ ಇಳಿದದ್ದು ರೈಲಿನಲ್ಲಿ, ಆರೇಳು ನಿಮಿಷ. ಮಾರಿತ್ ಮನೆಯ ಓಣಿಗೆ ತಿರುಗಿದಾಗ ಮೊದಲ ಹನಿ ಬಿತ್ತು. ತಿರುಗಿ ನೋಡಿದರೆ ಬೆಟ್ಟವೇ ಇರಲಿಲ್ಲ. ಬುಡದ ಮನೆಗಳ ತನಕ ಮೋಡ ಇಳಿದಿತ್ತು. ಮೂರು ದಿನ ಇನ್ನು ಹೀಗೆಯೇ, ಏನೂ ಕಾಣುವುದಿಲ್ಲ ಎಂದೆ.

"ಮುಚ್ಚಿಕೊಳ್ಳಲಿ ಬಿಡಿ" ಎಂದಳು ಮಂಗಳಾ. "ನಾನು ನೋಡಿ ಆಯ್ತು."