ಮನೆಯ ಜೊತೆ ನಾನೂ ಭೋಗ್ಯಕ್ಕೆ

ಮಗಳಿಗೆ ಮನೆ ಸಾಲ ಆಗುವುದಿಲ್ಲ ಎಂದು ಶಿವಮೊಗ್ಗದ ಬ್ಯಾಂಕಿನವನು ಹೇಳಿದಾಗ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅವನ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಇಂಗ್ಲಿಷು. ನಾನು ಓದಿದ್ದು ಮೂರನೇ ಕ್ಲಾಸು. ಮಗಳ ಮುಖ ಓದಲು ಅಷ್ಟು ಸಾಕಾಯಿತು.

ಹಳೆಯ ಕತೆ ಇಷ್ಟೇ. ಭದ್ರಾವತಿಯ ಕಾರ್ಖಾನೆ ಗೇಟಿನ ಹತ್ತಿರ ಅವಳು ಸಾಲ ಎತ್ತಿ ಮೆಸ್ ಹಾಕಿದ್ದಳು. ಕೆಲಸದವರು ಕಡಿಮೆಯಾದರು, ಊಟಕ್ಕೆ ಬರುವವರೂ ಕಡಿಮೆಯಾದರು, ಕಂತು ನಿಂತಿತು. ಅಳಿಯ ಅದಕ್ಕೂ ಮೊದಲೇ ಬೇರೆ ಸಂಸಾರ ಮಾಡಿಕೊಂಡು ಹೋಗಿದ್ದ. ಅವನ ಮಾತು ಬೇಡ. ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಇಷ್ಟು ಕಟ್ಟಿ, ಉಳಿದದ್ದು ಬಿಟ್ಟಿದ್ದೇವೆ ಎಂದರು ಸಾಲ ಕೊಟ್ಟವರು. ಪಾತ್ರೆ, ಗ್ರೈಂಡರು ಮಾರಿ ಕಟ್ಟಿದೆವು. ಆ ದಿನ ಅವಳು ಜಿಲೇಬಿ ತಂದು ಬೀದಿಗೆಲ್ಲ ಹಂಚಿದಳು. ಬಿಟ್ಟ ದುಡ್ಡು ಹೋಯಿತೆಂದೇ ತಿಳಿದಿದ್ದೆವು. ಹೋಗಿರಲಿಲ್ಲ. ಪೂರ್ತಿ ಕಟ್ಟದವಳು ಎಂದು ಅವಳ ಹೆಸರಿಗೆ ಅಂಟಿಕೊಂಡು ಕೂತಿತ್ತು.

ಬ್ಯಾಂಕಿನವನು ಕೆಟ್ಟವನಲ್ಲ. ಅವತ್ತು ಬಿಟ್ಟದ್ದನ್ನು ಈಗ ಕಟ್ಟಿ, ಬಾಕಿ ಇಲ್ಲವೆಂದು ಪತ್ರ ತನ್ನಿ ಎಂದ. ಆಮೇಲೆ ಮನೆ ಸಾಲ ಕೊಡುವ ಸಣ್ಣ ಕಂಪನಿಗಳಲ್ಲಿ ಕೇಳಿ, ಬಡ್ಡಿ ಜಾಸ್ತಿ ಹಾಕುತ್ತಾರೆ, ನಿಮ್ಮ ಕೈಯಿಂದಲೂ ಒಂದು ಪಾಲು ಹಾಕಬೇಕು ಎಂದ.

ನಮ್ಮ ಕೈಯಲ್ಲಿದ್ದದ್ದೆಲ್ಲ ಭೋಗ್ಯದಲ್ಲಿತ್ತು. ಭದ್ರಾವತಿಯ ಹಳೇನಗರದಲ್ಲಿ ನಾವಿದ್ದ ಮನೆಗೆ ಬಾಡಿಗೆಯಿಲ್ಲ. ಒಂದೇ ಗಂಟು ಮಾಲೀಕನಿಗೆ ಕೊಟ್ಟು ಕೂತಿದ್ದೆವು, ಬಿಡುವಾಗ ಅದೇ ಗಂಟು ವಾಪಸು. ನನ್ನ ಬಳೆ, ಈಗಿಲ್ಲದ ನನ್ನ ಗಂಡ ರಿಟೈರಾದಾಗ ಬಂದದ್ದು, ಎರಡೂ ಅದರಲ್ಲಿದ್ದವು. ಮಾಲೀಕನನ್ನು ಕೇಳಲು ಮಹಡಿ ಹತ್ತಿದೆ.

"ಮುಂದಿನೋರು ಬಂದು ಕೊಟ್ರೆ ನಿಮಗೆ ಕೊಡ್ತೀನಿ ಮಾರಾಯ್ತಿ. ನಿಮ್ಮ ದುಡ್ಡನ್ನ ನಾನೇನು ಪೆಟ್ಟಿಗೇಲಿಟ್ಟು ಪೂಜೆ ಮಾಡ್ತಿದೀನಾ?" ಎಂದ.

ಅವನದೂ ಸುಳ್ಳಲ್ಲ. ನಮಗಿಂತ ಮುಂಚೆ ಇದ್ದವರಿಗೆ ಹೋದದ್ದೂ ನಮ್ಮ ದುಡ್ಡೇ. ಆದರೆ ಮನೆ ಖಾಲಿಯಾಗದೆ ಮುಂದಿನವರು ಕೊಡುವುದಿಲ್ಲ, ಅವರು ಕೊಡದೆ ನಾವು ಹೋಗುವ ಹಾಗಿಲ್ಲ. ಬಾಡಿಗೆ ಮನೆಗೆ ಹೋದರೆ ಅಡ್ವಾನ್ಸು, ಬಾಡಿಗೆ ಸೇರಿ ಗಂಟನ್ನು ತಿನ್ನುತ್ತವೆ. ಮಗಳಿಗೆ ಶಿವಮೊಗ್ಗದಲ್ಲಿ ಸೀರೆ ಅಂಗಡಿಯ ಕೆಲಸ, ಮೊಮ್ಮಗಳ ಸ್ಕೂಲೂ ಅಲ್ಲೇ. ಆಯನೂರು ರಸ್ತೆಯಲ್ಲಿ ಒಂದು ಮನೆ ನೋಡಿದ್ದಳು. ದೀಪಾವಳಿವರೆಗೆ ಕಾಯುತ್ತೇನೆ ಎಂದಿದ್ದ ಮಾರುವವನು.

ಒಂದು ದಿನ ಮನೆ ನೋಡಲು ಗಂಡ ಹೆಂಡತಿ ಬಂದರು. ಹೆಂಡತಿಯ ಸೊಂಟದಲ್ಲಿ ಕೂಸು, ಇಬ್ಬರೂ ದುಡಿಯುವವರು. ಖಾಲಿಯಾದ ದಿನವೇ ದುಡ್ಡು ಎಂದರು. ಮಗಳು, ಮೊಮ್ಮಗಳು ಅಂಗಡಿಯ ಗೆಳತಿಯ ರೂಮಿನಲ್ಲಿ ಹೇಗೋ ಮಲಗುತ್ತಾರೆ, ಅಲ್ಲಿ ನನಗೆ ಜಾಗವಿಲ್ಲ. ನಾನು ಆ ಹೆಂಗಸಿಗೆ ನೇರ ಕೇಳಿದೆ.

"ಹಿಂದಿನ ರೂಮಲ್ಲಿ ನನ್ನೊಬ್ಬಳನ್ನ ಬಿಡಮ್ಮ. ನಮ್ಮ ಮನೆ ಆಗೋ ತನಕ ನಿನ್ನ ಕೂಸು ನೋಡ್ಕೊಳ್ತೀನಿ. ಮುದ್ದು ಗಿದ್ದು ಮಾಡಲ್ಲ. ಹೊತ್ತಿಗೆ ಅನ್ನ ಹಾಕ್ತೀನಿ."

ಅವಳು ಗಂಡನ ಮುಖ ನೋಡಿದಳು, ಆಮೇಲೆ ಒಪ್ಪಿದಳು. ಮನೆಯ ಜೊತೆ ಅಜ್ಜಿಯೂ ಭೋಗ್ಯಕ್ಕೆ ಬಂತಲ್ಲ ಎಂದು ಮಾಲೀಕ ನಕ್ಕ. ಸಂಜೆ ವಿಷಯ ಕೇಳಿ ಮಗಳು ತಟ್ಟೆ ಬಿಟ್ಟು ಎದ್ದಳು. ನಾಚಿಕೆ ಅವಳಿಗೆ. ನನಗೆ ಸುಸ್ತಾಗಿತ್ತು, ನಾಚಿಕೆಗೆ ಪುರುಸೊತ್ತಿರಲಿಲ್ಲ.

ಗಂಟು ಬಂತು, ಅರ್ಧಕ್ಕರ್ಧ ಹಳೇ ಬಾಕಿಗೆ ಹೋಯಿತು. ಪತ್ರಕ್ಕಾಗಿ ಮಗಳು ರಜೆ ಹಾಕಿ ಹಾಕಿ ಅಲೆದಳು; ಇವತ್ತು ಸಾಹೇಬರಿಲ್ಲ, ನಾಳೆ ಸರ್ವರಿಲ್ಲ. ಪತ್ರ ಸಿಕ್ಕ ಮೇಲೂ ಬ್ಯಾಂಕಿನ ಕಂಪ್ಯೂಟರಿನಲ್ಲಿ ಅವಳ ಹೆಸರು ಸರಿಯಾಗಲು ಇನ್ನಷ್ಟು ದಿನ. ಅಷ್ಟರಲ್ಲಿ ದೀಪಾವಳಿ ಕಳೆಯಿತು, ಆಯನೂರು ರಸ್ತೆಯ ಮನೆ ಬೇರೆಯವರ ಪಾಲಾಯಿತು. ನಾನು ನನ್ನದೇ ಅಡಿಗೆಮನೆಯಲ್ಲಿ ಇನ್ನೊಬ್ಬರ ಒಲೆ ಹಚ್ಚಲು ಕೇಳಿಕೊಂಡು ನಿಲ್ಲುತ್ತಿದ್ದೆ. ಕೂಸು ನಡೆಯಲು ಕಲಿತದ್ದು ನನ್ನ ಕೈ ಹಿಡಿದು. ಅದಕ್ಕೆ ನೆನಪಿರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಕೊನೆಗೆ ಒಂದು ಸಣ್ಣ ಕಂಪನಿಯವರು ಕೊಟ್ಟರು. ಉಳಿದ ಗಂಟಿಗೆ ತಕ್ಕಷ್ಟೇ ಸಾಲ, ಅದಕ್ಕೆ ತಕ್ಕ ಹಾಗೆ ಎರಡು ಕೋಣೆಯ ಶೀಟಿನ ಮನೆ, ಬಸ್ ಸ್ಟಾಪಿನಿಂದ ದೂರ. ಇಪ್ಪತ್ತು ವರ್ಷದ ಕಂತು.

ಸಹಿ ಹಾಕಿ ಬಂದ ಸಂಜೆ ಮಗಳು ನನ್ನ ರೂಮಿನ ಬಾಗಿಲಲ್ಲಿ ನಿಂತು, ಜಿಲೇಬಿ ತರಲಾ ಎಂದಳು.

"ಬೇಡ. ಹೋದ ಸಲ ಹಂಚಿದ್ದು ಸಾಕು. ಕೊನೇ ಕಂತು ಕಟ್ಟಿದ ದಿನ ತಾ."

"ಆಗ ನೀನಿರ್ತೀಯಾ ಅಮ್ಮ?"

"ನೀನಿರ್ತೀಯಲ್ಲ. ತಿನ್ನು."

ಅವಳು ನನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಕೂಸು ಬಂದು ಒಂದೊಂದನ್ನೇ ಹೊರಗೆ ಎಳೆಯುತ್ತಿತ್ತು.