ಚಪ್ಪಲಿ ಕಾಯುವ ಪಂಚಾಕ್ಷರಪ್ಪ

ಭಾನುವಾರ ಹರಿಹರದ ಹೊಳೆಯ ನಡುಗಡ್ಡೆಯಲ್ಲಿರುವ ಗುಡ್ಡಕ್ಕೆ ಹೋಗೋಣವೆಂದು ದಾವಣಗೆರೆಯ ನಮ್ಮನ್ನೆಲ್ಲ ಹೊರಡಿಸುವವರು ಗಿರಣಿ ಗುಮಾಸ್ತ ಪಂಚಾಕ್ಷರಪ್ಪನವರೇ. ಹೊಗೆಬಂಡಿಯಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು, "ಆ ಗುಡ್ಡದ ಮುಂದೆ ದುರ್ಗದ ಕೋಟೆನೂ ಹುತ್ತ ಇದ್ದಂಗ್ರಿ!" ಎಂದು ಬಡಾಯಿ ಕೊಚ್ಚುತ್ತಾರೆ, ಹರಿಗೋಲಿಗೆ ಮಾತ್ರ ಕಾಲಿಡುವುದಿಲ್ಲ. ನಡುಗಡ್ಡೆಯಲ್ಲಿ ಗಂಗಮ್ಮನ ಗುಡಿಯಿರುವುದರಿಂದ ಚಪ್ಪಲಿಗಳನ್ನು ಈ ದಡದಲ್ಲೇ ಬಿಡುವುದು ರೂಢಿ. "ನೀವು ಗುಡ್ಡ ಹತ್ತಿ ಬರ್ರಿ, ಚಪ್ಪಲಿ ಕಾಯಾಕೆ ನಾನಿದೀನಿ" ಎಂದು ಕೂತುಬಿಡುತ್ತಾರೆ. "ನಾಯಿ ಒಯ್ದ್ರೆ ಒಯ್ಲಿ, ನೀವೂ ಬರ್ರಿ" ಎಂದರೆ, "ಬ್ಯಾಡ್ರಿ, ನೀರು ಕಂಡ್ರೆ ತಲೆ ತಿರುಗ್ತೈತೆ" ಎನ್ನುತ್ತಾರೆ. ಪುಕ್ಕಲರೆಂದು ಬೆನ್ನ ಹಿಂದೆ ನಗುತ್ತಿದ್ದೆವು. ಮೊನ್ನೆ ಮೋಡ ಕವಿದದ್ದರಿಂದ ಅರ್ಧ ಗುಡ್ಡದಿಂದಲೇ ಮರಳಿದೆವು. ದಡದಲ್ಲಿ ನಮ್ಮ ಆರು ಮಂದಿಯ ಚಪ್ಪಲಿಗಳು ಎಂದಿನಂತೆ ಊರಿನ ಕಡೆ ಮುಖ ಮಾಡಿ ಸಾಲಾಗಿದ್ದವು. ತುದಿಯಲ್ಲಿ ಏಳನೆಯದೊಂದು ಜೊತೆ. ತೊಗಲು ಒಣಗಿ ಸೆಟೆದಿತ್ತು. "ಇವು ಯಾರವ್ರಿ?" ಎಂದೆ. ಅವರು ಅದನ್ನು ಪಂಚೆಯಂಚಿನಿಂದ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. "ನಮ್ಮ ತಮ್ಮನವು. ಕಾಯ್ತಿರಣ್ಣ, ಗುಡ್ಡ ಹತ್ತಿ ಬರ್ತೀನಿ ಅಂತ ಹೋದ. ಹರಿಗೋಲು ನಡುಹೊಳೆಯಾಗೆ ಮಗುಚಿತ್ರಿ. ಹನ್ನೆರಡು ವರ್ಷ ಆತು." ಸ್ಟೇಷನ್ನಿನವರೆಗೂ ನಾವು ಆರು ಮಂದಿ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದು ನಡೆದೆವು.